ಮೂರನೇ ಸಿಲಿಂಡರಿನ ನೀರು

ನಮ್ಮ ಗ್ಯಾರೇಜಿನಲ್ಲಿ ಹೆಂಗಸರದೇ ದರ್ಬಾರು. ಮೂವತ್ತೆಂಟು ವರ್ಷದಿಂದ ಎಂಜಿನ್ ಬಿಚ್ಚುತ್ತಿರುವವಳು ನಾನು, ಆರು ವರ್ಷದಿಂದ ನನ್ನ ಜೊತೆಗಿರುವವಳು ನನ್ನ ಸೊಸೆ. ಮಗನಿಗೆ ಸ್ಪ್ಯಾನರಿಗೂ ಸೌಟಿಗೂ ವ್ಯತ್ಯಾಸ ತಿಳಿಯದು. ಅವನು ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದುತ್ತಾನೆ. ಅದು ಅವನಿಗೂ ಕ್ಷೇಮ, ಗಾಡಿಗಳಿಗೂ ಕ್ಷೇಮ. ಸೊಸೆಯ ತವರಿನವರು ಪಂಪು ರಿಪೇರಿಯವರು. ನೀರು ಎಲ್ಲಿಂದ ತಪ್ಪಿಸಿಕೊಳ್ಳುತ್ತಿದೆ ಎಂದು ಹುಡುಕುವುದು ಅವಳು ತವರಿನಿಂದ ತಂದ ಬಳುವಳಿ. ಅದು ನನ್ನ ತಲೆಗೆ ಹೋಗಬೇಕಾದರೆ ದನದ ಡಾಕ್ಟರ ಕಾರು ಬರಬೇಕಾಯಿತು.

ಇಪ್ಪತ್ತಾರು ವರ್ಷದ ಕಾರು ಅದು. ಎಂಜಿನ್ ತಣ್ಣಗಿಡುವ ಕೂಲಂಟ್ ನೀರನ್ನು ಮೂರು ದಿನಕ್ಕೊಮ್ಮೆ ಅರ್ಧ ಲೀಟರ್ ಕುಡಿಯುತ್ತಿತ್ತು, ಆದರೆ ನೆಲದ ಮೇಲೆ ಒಂದು ಹನಿಯೂ ಇಲ್ಲ. ಏರು ಹತ್ತಿದರೆ ಟೆಂಪರೇಚರ್ ಮುಳ್ಳು ಕೆಂಪಿಗೆ ಏರುತ್ತಿತ್ತು. ಒಂದು ಗ್ಯಾರೇಜಿನವರು ರೇಡಿಯೇಟರ್ ಬದಲಿಸಿದ್ದರು, ಇನ್ನೊಬ್ಬರು ವಾಟರ್ ಪಂಪು ಬದಲಿಸಿದ್ದರು. ಆಮೇಲೆ ಇಬ್ಬರೂ ಗುಜರಿಗೆ ಹಾಕಿ ಎಂದು ಕೈತೊಳೆದುಕೊಂಡಿದ್ದರು.

"ಅಲ್ಲಿ ಹಸು ಕರು ಹಾಕೋಕೆ ಒದ್ದಾಡ್ತಿರುತ್ತೆ, ಇಲ್ಲಿ ನಾನು ದಾರಿ ಮಧ್ಯೆ ಬಾನೆಟ್ ಎತ್ತಿಕೊಂಡು ನಿಂತಿರ್ತೀನಿ," ಎಂದರು ಡಾಕ್ಟರು. "ನನ್ನ ರೋಗಿಗಳೂ ಬಾಯಿಬಿಟ್ಟು ಹೇಳಲ್ಲ, ಇದೂ ಹೇಳಲ್ಲ."

ಕಾರು ಸ್ಟಾರ್ಟ್ ಮಾಡಿದೆ. ಹಿಂದಿನಿಂದ ಬಿಳಿ ಹೊಗೆ ದಟ್ಟವಾಗಿ ಬಂತು, ಸಿಹಿ ವಾಸನೆ. ನೀರು ಹೊರಗೆ ಸೋರುತ್ತಿಲ್ಲ, ಎಂಜಿನ್ ಒಳಗೇ ಸೇರಿ ಸುಟ್ಟುಹೋಗುತ್ತಿದೆ ಎಂಬುದು ಖಾತ್ರಿಯಾಯಿತು.

"ಹೆಡ್ ಗ್ಯಾಸ್ಕೆಟ್ ಹೋಗಿದೆ," ಎಂದೆ. ಎಂಜಿನ್ನಿನ ಮೇಲಿನ ಹೆಡ್ಡಿಗೂ ಕೆಳಗಿನ ಬ್ಲಾಕಿಗೂ ನಡುವೆ ಕೂರುವ ತೆಳು ಹಾಳೆ ಅದು. "ಕಣ್ಣು ಮುಚ್ಚಿಕೊಂಡು ಹೇಳ್ತೀನಿ. ನಾಡಿದ್ದು ಬಂದು ತಗೊಂಡು ಹೋಗಿ."

"ಅತ್ತೆ," ಎಂದಳು ಸೊಸೆ, ಡಾಕ್ಟರ ಮುಂದೆಯೇ, "ಕಣ್ಣು ಬಿಟ್ಟುಕೊಂಡು ಒಂದು ದಿನ ನೋಡೋಣ."

ಡಾಕ್ಟರು ಛಾವಣಿ ನೋಡಿದರು. ನನ್ನ ಮೈ ಉರಿಯಿತು. ಗಿರಾಕಿಯ ಎದುರು ಜಗಳ ಬೇಡವೆಂದು ಹಲ್ಲು ಕಚ್ಚಿಕೊಂಡು, "ಸರಿ, ಒಂದು ದಿನ," ಎಂದೆ.

ಮಾರನೆಯ ಬೆಳಿಗ್ಗೆ ಅವಳು ತಣ್ಣಗಿದ್ದ ಎಂಜಿನ್ನಿನ ಆಯಿಲ್ ಕಡ್ಡಿ ಎಳೆದು ನೋಡಿದಳು. ಆಯಿಲ್ ಶುದ್ಧವಾಗಿತ್ತು, ನೀರು ಬೆರೆತು ಹಾಲಿನ ಹಾಗಾಗಿರಲಿಲ್ಲ. ರೇಡಿಯೇಟರ್ ಬಾಯಿಗೆ ಕೈಪಂಪು ಸಿಕ್ಕಿಸಿ ಗಾಳಿ ತುಂಬಿದಳು. ಅರ್ಧ ಗಂಟೆಯಾದರೂ ಮೀಟರಿನ ಮುಳ್ಳು ಕದಲಲಿಲ್ಲ, ಅಂದರೆ ಎಲ್ಲೂ ಸೋರಿಕೆಯಿಲ್ಲ. ನಾಲ್ಕು ಸಿಲಿಂಡರಿನ ನಾಲ್ಕು ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ ಬಟ್ಟೆಯ ಮೇಲೆ ಸಾಲಾಗಿಟ್ಟಳು. ಮೂರರ ತುದಿ ಕಂದುಬಣ್ಣಕ್ಕೆ ತಿರುಗಿತ್ತು. ಮೂರನೇ ಸಿಲಿಂಡರಿನದು ಮಾತ್ರ ಈಗಷ್ಟೇ ತೊಳೆದಿಟ್ಟ ಹಾಗೆ ಬೆಳ್ಳಗೆ ಹೊಳೆಯುತ್ತಿತ್ತು.

"ಕಳ್ಳ ಸಿಕ್ಕಿದ," ಎಂದೆ. "ನೀರೇ ಇದನ್ನ ತೊಳೆದಿದೆ, ಮೂರನೇದರ ಹತ್ತಿರ ಗ್ಯಾಸ್ಕೆಟ್ ಸುಟ್ಟಿದೆ. ಬಿಚ್ಚು."

"ಕಳ್ಳ ಇರೋ ಮನೆ ಸಿಕ್ಕಿದೆ ಅತ್ತೆ. ಯಾವ ಬಾಗಿಲಿಂದ ಬಂದ ಅಂತ ಗೊತ್ತಾಗಿಲ್ಲ. ತಣ್ಣಗಿದ್ದಾಗ ನೀರು ಸೋರೋದು ಯಾಕೆ ನಿಲ್ಲುತ್ತೆ?"

ಪ್ಲಗ್ಗುಗಳನ್ನು ಮತ್ತೆ ಹಾಕಿ, ಎಂಜಿನ್ ಚೆನ್ನಾಗಿ ಕಾಯುವವರೆಗೆ ಓಡಿಸಿದಳು. ರೇಡಿಯೇಟರಿನ ಮುಚ್ಚಳ ತೆಗೆಯುವಷ್ಟು ಆರಿದ ಮೇಲೆ, ಬಿಸಿ ಪೂರ್ತಿ ಹೋಗುವ ಮೊದಲೇ ಇನ್ನೊಮ್ಮೆ ಗಾಳಿ ತುಂಬಿದಳು. ಈ ಸಲ ಮುಳ್ಳು ಮೆಲ್ಲಮೆಲ್ಲಗೆ ಇಳಿಯತೊಡಗಿತು. ಅವಳು ಮೂರನೇ ಪ್ಲಗ್ ಬಿಚ್ಚಿ, ಅದರ ತೂತಿನಿಂದ ಬೆರಳಿಗಿಂತ ಸಣ್ಣ ಕ್ಯಾಮೆರಾ ಇಳಿಸಿ ಪರದೆಯನ್ನು ನನ್ನ ಕಡೆ ತಿರುಗಿಸಿದಳು.

"ಸಿಲಿಂಡರಿನ ಅಂಚು ನೋಡಿ, ಸುತ್ತ ಒಣಗಿದೆ. ಗ್ಯಾಸ್ಕೆಟ್ ಹೋಗಿದ್ರೆ ಅಲ್ಲಿಂದ ಒದ್ದೆಯಾಗಬೇಕಿತ್ತು. ಇಲ್ಲಿ ಮೇಲೆ ನೋಡಿ, ಎರಡು ವಾಲ್ವಿನ ನಡುವೆ."

ಕೂದಲೆಳೆಯಷ್ಟು ಒದ್ದೆ ಗೆರೆ. ನೋಡನೋಡುತ್ತಿದ್ದಂತೆ ಅಲ್ಲೊಂದು ಹನಿ ಮೂಡಿತು.

"ಹೆಡ್ಡೇ ಬಿರುಕು ಬಿಟ್ಟಿದೆ ಅತ್ತೆ. ಬಿಸಿಯಾದಾಗ ಬಾಯಿ ಬಿಡುತ್ತೆ, ತಣ್ಣಗಾದರೆ ಮುಚ್ಚಿಕೊಳ್ಳುತ್ತೆ. ಬರೀ ಗ್ಯಾಸ್ಕೆಟ್ ಹಾಕಿ ಕಳಿಸಿದ್ರೆ ಹತ್ತು ದಿನದಲ್ಲಿ ಡಾಕ್ಟರು ಮತ್ತೆ ನಮ್ಮ ಬಾಗಿಲಲ್ಲಿ."

ನಾನು ಸುಲಭಕ್ಕೆ ಒಪ್ಪುವವಳಲ್ಲ. ಹೆಡ್ ಬಿಚ್ಚಿದೆವು. ಗ್ಯಾಸ್ಕೆಟ್ ನೆಟ್ಟಗಿತ್ತು. ಹೆಡ್ಡನ್ನು ಸೀಮೆಎಣ್ಣೆಯಲ್ಲಿ ತೊಳೆದು ಕನ್ನಡಕ ಹಾಕಿ ನೋಡಿದರೂ ಬಿರುಕು ಕಾಣಲಿಲ್ಲ. ಅದನ್ನು ಗೋಣಿಯಲ್ಲಿ ಸುತ್ತಿ, ಲೋಹ ಕಡೆಯುವ ಲೇತ್ ಮೇಷ್ಟ್ರ ವರ್ಕ್‌ಶಾಪಿಗೆ ಒಯ್ದೆವು. ಅವರು ನನ್ನ ಹಳೆಯ ಸ್ನೇಹಿತರು, ಮಾತಿನಲ್ಲಿ ಯಾರನ್ನೂ ಬಿಡುವವರಲ್ಲ. ಡಾಕ್ಟರೂ ಕುತೂಹಲ ತಡೆಯಲಾರದೆ ಬಂದರು.

ಮೇಷ್ಟ್ರು ಹೆಡ್ಡಿನ ನೀರಿನ ದಾರಿಗಳನ್ನೆಲ್ಲ ಮುಚ್ಚಿ, ಒಳಗೆ ಗಾಳಿ ತುಂಬಿ, ತೊಟ್ಟಿಯ ನೀರಿಗೆ ಇಳಿಸಿದರು. ಎಲ್ಲರೂ ಬಗ್ಗಿ ನೋಡಿದೆವು. ಒಂದು ಗುಳ್ಳೆಯೂ ಇಲ್ಲ.

"ಹೆಡ್ಡು ಕಲ್ಲುಗುಂಡಿನ ಹಾಗಿದೆ ಕಣಮ್ಮ," ಎಂದು ಮೇಷ್ಟ್ರು ನಕ್ಕರು. "ಅತ್ತೆ ಮಾತು ಕೇಳಬಾರದಿತ್ತಾ?"

ಸೊಸೆಯ ಕಿವಿ ಕೆಂಪಾಯಿತು. ಆದರೆ ಅವಳು ಜಾಗ ಬಿಟ್ಟು ಕದಲಲಿಲ್ಲ. "ನೀರು ಬಿಸಿ ಮಾಡಿ ಮೇಷ್ಟ್ರೇ."

"ಸುಮ್ನೆ ಯಾಕೆ..."

"ಬಿಸಿ ಮಾಡಿ ಅಂದ್ಲಲ್ಲ, ಮಾಡಿ," ಎಂದೆ ನಾನು. ಆ ಮಾತು ನನ್ನ ಬಾಯಿಂದ ಹೇಗೆ ಬಂತೋ, ಅವಳು ಗೆಲ್ಲಲಿ ಎಂದು ನನಗೆ ಆಗಲೇ ಅನಿಸಿಬಿಟ್ಟಿತ್ತು.

ತೊಟ್ಟಿ ಕಾಯಲು ಮುಕ್ಕಾಲು ಗಂಟೆ ಹಿಡಿಯಿತು. ನೀರಿನ ಮೇಲೆ ಹಬೆಯಾಡತೊಡಗಿದಾಗ ಮೂರನೇ ಸಿಲಿಂಡರಿನ ಜಾಗದಲ್ಲಿ, ಎರಡು ವಾಲ್ವಿನ ನಡುವಿನಿಂದ, ಒಂದು ಗುಳ್ಳೆ ಎದ್ದಿತು. ಹಿಂದೆಯೇ ಇನ್ನೊಂದು. ಆಮೇಲೆ ಮಣಿಸರದ ಹಾಗೆ ಸಾಲುಸಾಲು.

ಮೇಷ್ಟ್ರು ಟೋಪಿ ತೆಗೆದು ತಲೆ ಕೆರೆದುಕೊಂಡರು. ನನ್ನ ಎದೆ ಉಬ್ಬಿತು. ನಾನೇ ಸೋತಿದ್ದೆನಲ್ಲ ಎಂಬುದು ಆಮೇಲೆ ನೆನಪಾಯಿತು.

"ಡಾಕ್ಟರೇ," ಎಂದೆ, ವರ್ಕ್‌ಶಾಪಿನ ಆ ತುದಿಯವರಿಗೂ ಕೇಳುವಂತೆ, "ನಾನು ಹೇಳಿದ್ದು ತಪ್ಪು. ನಮ್ಮ ಸೊಸೆ ಹೇಳಿದ್ದು ಸರಿ. ನಿಮ್ಮ ಗಾಡಿ ಉಳಿದಿದ್ದು ಇವಳಿಂದ."

ಸೊಸೆ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಹಬೆಗೋ, ಇನ್ಯಾತಕ್ಕೋ, ನಾನು ಕೇಳಲಿಲ್ಲ.

ಗುಜರಿ ಅಂಗಡಿಯಲ್ಲಿ ಅದೇ ಮಾದರಿಯ ಇನ್ನೊಂದು ಹೆಡ್ ಸಿಕ್ಕಿತು. ಅದನ್ನೂ ಬಿಸಿನೀರಿನಲ್ಲಿ ಮುಳುಗಿಸಿ ನೋಡಿಯೇ ತಂದೆವು. ಕೂರಿಸುವಾಗ ಬೋಲ್ಟುಗಳನ್ನು ಬಿಗಿದವಳು ಅವಳು, ಸ್ಪ್ಯಾನರ್ ಎತ್ತಿಕೊಟ್ಟವಳು ನಾನು. ಮೂವತ್ತೆಂಟು ವರ್ಷದಲ್ಲಿ ಬೇರೆ ಯಾರಿಗೂ ಆ ಸೇವೆ ಮಾಡಿದವಳಲ್ಲ. ತಿಂಗಳ ನಂತರ ಡಾಕ್ಟರು ಫೋನ್ ಮಾಡಿದರು: ಗುಡ್ಡದಾಚೆಯ ಊರಿಗೆ ಎಂಟು ಸಲ ಹೋಗಿ ಬಂದೆ, ಕೂಲಂಟ್ ಒಂದು ನೂಲಿನಷ್ಟೂ ಇಳಿದಿಲ್ಲ, ಹೊತ್ತಿಗೆ ಸರಿಯಾಗಿ ಹೋಗಿ ಒಂದು ಹಸುವಿಗೆ ಅವಳಿ ಕರುಗಳ ಹೆರಿಗೆಯನ್ನೂ ಮಾಡಿಸಿದೆ ಎಂದರು.

ಮೊನ್ನೆ ಲೇತ್ ಮೇಷ್ಟ್ರು ಬಾಗಿಲಲ್ಲಿ ನಿಂತಿದ್ದರು. "ಒಂದು ಲಾರಿ ಎಂಜಿನ್ ಬಂದಿದೆ, ಯಾರ ಕೈಗೂ ಬಗ್ತಿಲ್ಲ. ಸೊಸೇನ ಒಂದು ಗಳಿಗೆ ಕಳಿಸ್ತೀರಾ?"

"ನಾನು ಕಾಣಿಸ್ತಿಲ್ವಾ?" ಎಂದೆ.

"ನೀವೂ ಬನ್ನಿ ಬೇಕಾದ್ರೆ," ಎಂದರು ಮೇಷ್ಟ್ರು.

ನಗು ತಡೆಯಲಾಗಲಿಲ್ಲ. ಕೈ ಒರೆಸಿಕೊಂಡು, ಅವಳ ಕ್ಯಾಮೆರಾ ಪೆಟ್ಟಿಗೆಯನ್ನು ಎತ್ತಿಕೊಂಡು ಹೊರಟೆ.