ಉಪಪ್ರಶ್ನೆ

ಪ್ರಶ್ನೋತ್ತರಕ್ಕೆ ಮೊದಲು ಕುರ್ಚಿಗಳ ವಿಷಯವೊಂದು ಮುಗಿದುಬಿಡಲಿ ಎಂದು ಸಭಾಧ್ಯಕ್ಷರು ಹೇಳಿದ್ದೇ ತಡ, ಇಡೀ ಸದನ ಮೇಜು ಕುಟ್ಟಿತು. ಜೆ.ಪಿ. ನಗರದಲ್ಲಿ ಶಾಸಕ ತಿಮ್ಮರಾಯಪ್ಪನವರ ಕಚೇರಿಯೊಳಗೆ ಕೂತು ಟೀವಿ ನೋಡುತ್ತಿದ್ದ ವಿಮಲಾ ಸದ್ದು ಕಡಿಮೆ ಮಾಡಿದರು. ಅಧಿವೇಶನ ಶುರುವಾಗಿ ಎರಡನೇ ದಿನ. ವರ್ಷವಿಡೀ ಎಣ್ಣೆ ಸೀಗೆಕಾಯಿಯಂತಿದ್ದ ಎರಡು ಬಣಗಳೂ ಹಳೆಯ ಕುರ್ಚಿಯಲ್ಲಿ ಕೂತರೆ ಸೊಂಟ ಹಿಡಿಯುತ್ತದೆ ಎಂಬ ಒಂದು ಮಾತಿನಲ್ಲಿ ಅಣ್ಣತಮ್ಮಂದಿರಾಗಿದ್ದವು. ಒಬ್ಬರು ಒರಗುವ ಕುರ್ಚಿ ಬೇಕೆಂದರು, ಇನ್ನೊಬ್ಬರು ಕಾಲು ಚಾಚುವುದಕ್ಕೂ ಅನುಕೂಲ ಇರಲಿ ಎಂದರು. ನಾಡಿನ ಕಷ್ಟವೆಲ್ಲ ಇವರ ಸೊಂಟದಲ್ಲೇ ಬಂದು ಕೂತಂತಿತ್ತು.

"ನಮ್ದು ಯಾವಾಗ ಬರ್ತೈತ್ರಿ ಮೇಡಂ?" ಪಕ್ಕದ ಬೆಂಚಿನಿಂದ ಲಕ್ಕವ್ವ ಕೇಳಿದಳು. ಅವಳ ಮುಂದಿನ ಚಹಾ ಕೆನೆಗಟ್ಟಿತ್ತು.

"ಇದಾದ್ಮೇಲೆ. ನಮ್ಮದು ಎರಡನೇ ಪ್ರಶ್ನೆ."

ವಿಮಲಾ ಜಯನಗರದ ಶಾಲೆಯೊಂದರಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಮನೆಯಲ್ಲಿ ಸುಮ್ಮನೆ ಕೂರಲಾರದೆ ಈ ಕಚೇರಿಗೆ ಬಂದು ಶಾಸಕರ ಪತ್ರಗಳನ್ನೂ ಸದನದ ಪ್ರಶ್ನೆಗಳನ್ನೂ ಬರೆದುಕೊಡುತ್ತಿದ್ದರು. ತಾವು ತಿದ್ದಿದ ವಾಕ್ಯ ಅಷ್ಟು ದೊಡ್ಡ ಸಭೆಯಲ್ಲಿ ಕೇಳಿಸುತ್ತದೆ ಎಂದು ಅವರಿಗೆ ಒಳಗೊಳಗೇ ಹೆಮ್ಮೆಯಿತ್ತು.

ಲಕ್ಕವ್ವ ಬಾಗಲಕೋಟೆ ಕಡೆಯವಳು. ಜರಗನಹಳ್ಳಿಯಲ್ಲಿ ಬಾಡಿಗೆ ಮನೆ, ಬಿಟಿಎಂನ ಕಚೇರಿಯೊಂದರಲ್ಲಿ ಕಸಗುಡಿಸುವ ಕೆಲಸ. ಸೆಕ್ಯುರಿಟಿ ಕೆಲಸ ಮುಗಿಸಿ ಮಳೆಯಲ್ಲಿ ಮನೆಗೆ ಬರುತ್ತಿದ್ದ ಅವಳ ಗಂಡ ಭೀಮಪ್ಪ, ಚಪ್ಪಡಿಯಿಲ್ಲದ ರಾಜಕಾಲುವೆಗೆ ಬಿದ್ದು ಸತ್ತಿದ್ದ. ರಸ್ತೆಯೂ ಕಾಲುವೆಯೂ ನೀರಿನಲ್ಲಿ ಒಂದಾಗಿದ್ದವು. ಅವನು ಕುಡಿದಿದ್ದ ಎಂದು ಪೊಲೀಸ್ ಠಾಣೆಯಲ್ಲಿ ಯಾರೋ ಬರೆದರು, ಬರೆದದ್ದೇ ಊರಿನವರೆಗೂ ಹೋಯಿತು. ಜನ್ಮದಲ್ಲಿ ಹೆಂಡ ಮುಟ್ಟದವನ ಮಗನನ್ನು ಶಾಲೆಯಲ್ಲಿ ಕುಡುಕನ ಮಗ ಎಂದು ಕರೆಯತೊಡಗಿದರು. ಲಕ್ಕವ್ವನಿಗೆ ಬೇಕಿದ್ದದ್ದು ಇಷ್ಟೇ, ಕಾಲುವೆ ತೆರೆದಿತ್ತು ಎಂದು ಸರ್ಕಾರದ ಬಾಯಿಂದ ಒಂದು ಮಾತು ಬರಬೇಕು.

"ಕಾಲುವಿ ತೆರದಿತ್ತೋ ಮುಚ್ಚಿತ್ತೋ, ಇಷ್ಟ ಕೇಳ್ರಿ," ಎಂದು ಅವಳು ಮೊದಲ ದಿನವೇ ಹೇಳಿದ್ದಳು. ವಿಮಲಾ ಹಾಗೆ ಬರೆಯಲಿಲ್ಲ. ಆಪಾದನೆಯ ವಾಸನೆ ಬಂದರೆ ಪ್ರಶ್ನೆಯನ್ನು ಬಾಗಿಲಲ್ಲೇ ತಿರಸ್ಕರಿಸುತ್ತಾರೆ ಎಂಬ ಅಂಜಿಕೆಯಿಂದ, ಜರಗನಹಳ್ಳಿ ಬಳಿಯ ರಾಜಕಾಲುವೆಯಲ್ಲಿ ಸಂಭವಿಸಿದ ಸಾವಿಗೆ ಕಾರಣವೇನು ಎಂದು ನಯವಾಗಿ ಬರೆದರು. ಮೊನಚಾದದ್ದನ್ನು ಉಪಪ್ರಶ್ನೆಗೆ ಉಳಿಸಿಕೊಂಡರು. ಸಚಿವರು ಏನೇ ಉತ್ತರ ಕೊಡಲಿ, ಎದ್ದು ನಿಂತು ಆ ಹೊತ್ತಿಗೆ ಕಾಲುವೆ ತೆರೆದಿತ್ತೇ ಎಂದಷ್ಟೇ ಕೇಳಿ ಎಂದು ತಿಮ್ಮರಾಯಪ್ಪನವರಿಗೆ ಬೆಳಿಗ್ಗೆಯೂ ಹೇಳಿಕೊಟ್ಟಿದ್ದರು. ಅವರು ಕಾರು ಹತ್ತುತ್ತ, ನೀವು ಯೋಚನೆ ಬಿಡಿ ಮೇಡಂ ಎಂದಿದ್ದರು.

ಕುರ್ಚಿಗಳು ಮಂಜೂರಾದವು. ಮೊದಲ ಪ್ರಶ್ನೆ ಕೇಳಬೇಕಾದವರು ಸದನದಲ್ಲೇ ಇರಲಿಲ್ಲ. ಸಭಾಧ್ಯಕ್ಷರು ತಿಮ್ಮರಾಯಪ್ಪನವರ ಹೆಸರು ಕರೆದಾಗ ಲಕ್ಕವ್ವ ಬೆಂಚಿನಿಂದ ಎದ್ದೇ ನಿಂತಳು.

ಸಚಿವರು ತಲೆ ಎತ್ತದೆ ಓದಿದರು. ಸದರಿ ವ್ಯಕ್ತಿಯು ಮದ್ಯಪಾನ ಮಾಡಿ ಆಯತಪ್ಪಿ ಕಾಲುವೆಗೆ ಬಿದ್ದಿರುತ್ತಾರೆ. ಸದರಿ ಸ್ಥಳದಲ್ಲಿ ಕಾಲುವೆಯು ಚಪ್ಪಡಿಗಳಿಂದ ಸಂಪೂರ್ಣವಾಗಿ ಮುಚ್ಚಿರುತ್ತದೆ.

ಸಂಪೂರ್ಣವಾಗಿ ಮುಚ್ಚಿದ ಕಾಲುವೆಯೊಳಗೆ ಮನುಷ್ಯ ಹೇಗೆ ಬಿದ್ದ ಎಂದು ಮೂರನೇ ತರಗತಿಯ ಮಕ್ಕಳೂ ಕೇಳಿಯಾರು. ಅಲ್ಲಿ ಕೂತಿದ್ದವರಲ್ಲಿ ಒಬ್ಬರ ಹುಬ್ಬೂ ಏರಲಿಲ್ಲ. ಕ್ಯಾಮೆರಾ ತಿಮ್ಮರಾಯಪ್ಪನವರ ಕಡೆ ತಿರುಗಿತು. ಅವರು ಶಲ್ಯ ಸರಿಮಾಡಿಕೊಂಡು ಎದ್ದರು.

"ಮಾನ್ಯ ಸಚಿವರ ಉತ್ತರ ನನಗೆ ತೃಪ್ತಿ ತಂದಿದೆ. ಆದರೂ ಒಂದು ಉಪಪ್ರಶ್ನೆ ಇದೆ, ಅಧ್ಯಕ್ಷರೇ."

ವಿಮಲಾ ಸೆರಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು.

"ಹೊಸ ಕುರ್ಚಿಗಳು ನಮ್ಮ ಹಿಂದಿನ ಸಾಲಿಗೂ ಇದೇ ಅಧಿವೇಶನದಲ್ಲಿ ಬರ್ತವಾ, ಇಲ್ಲ ಮುಂದಿನವರಿಗೆ ಮಾತ್ರಾನಾ?"

ಸದನ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಸಚಿವರೂ ನಕ್ಕರು. ಆಗಲೇ ಮೂರನೇ ಪ್ರಶ್ನೆಗೆ ಕರೆ ಬಂದಿತ್ತು.

ವಿಮಲಾ ಟೀವಿ ಆರಿಸಿದರು. ಹಳಸಿದ್ದನ್ನು ಗೊತ್ತಾಗದೆ ನುಂಗಿದವರ ಹಾಗೆ ಬಾಯೆಲ್ಲ ಕೆಟ್ಟಿತ್ತು. ಲಕ್ಕವ್ವನ ಮುಖ ನೋಡುವ ಧೈರ್ಯ ಅವರಿಗಿರಲಿಲ್ಲ. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ತಿಮ್ಮರಾಯಪ್ಪನವರು.

"ನೋಡಿದ್ರಾ ಮೇಡಂ? ಹೌಸೆಲ್ಲ ಬಿದ್ದು ಬಿದ್ದು ನಗ್ತು. ಆ ಕ್ಲಿಪ್ ಕಟ್ ಮಾಡ್ಸಿ ಗ್ರೂಪಿಗೆ ಹಾಕ್ಸಿ."

"ಲಕ್ಕವ್ವ ಇಲ್ಲೇ ಕೂತಿದಾರೆ ಸಾರ್."

"ಯಾರು?" ಎಂದರು ಅವರು. ಆಮೇಲೆ ನೆನಪಾಯಿತು. "ಓ, ಆಯಮ್ಮನಾ. ಶುರುವಿನಲ್ಲೇ ಮಿನಿಸ್ಟರ್ ಹತ್ರ ಯಾಕೆ ಕೆಡಿಸ್ಕೋಬೇಕು ಹೇಳಿ. ಬೆಳಗ್ಗೆನೇ ಸ್ಲ್ಯಾಬ್ ಹಾಕೋಕೆ ಜನ ಕಳಿಸಿದಾರೆ. ಇನ್ನೇನು ಬೇಕಂತೆ?"

ವಿಮಲಾ ಫೋನಿಟ್ಟರು. ಇಷ್ಟು ದಿನ ಇಂಥವನ ಬಾಯಿಗೆ ವಾಕ್ಯ ತಿದ್ದಿ ತಿದ್ದಿ ಇಟ್ಟೆನಲ್ಲ ಎಂದು ತಮ್ಮ ಕೈಯ ಮೇಲೆಯೇ ಅವರಿಗೆ ಹೇಸಿಗೆಯಾಯಿತು.

"ಅಲ್ಲಿ ಆಡಿದ್ದನ್ನ ಬರದಿಡ್ತಾರೇನ್ರಿ?" ಲಕ್ಕವ್ವನ ದನಿ ಸಣ್ಣಗಿತ್ತು.

"ಹೂಂ. ಒಂದೊಂದು ಮಾತೂ ಬರೆದಿಡ್ತಾರೆ."

"ಹಂಗಾದ್ರ ಕುಡದಿದ್ದ ಅನ್ನೂದು ಇಷ್ಟ್ ದಿನ ಬರೇ ಠಾಣೆದಾಗಿತ್ತು. ಇವತ್ತ ನಾವ ಕೇಳಿ ಅಲ್ಲೀಗೂ ಬರಸಿದ್ವಿ."

ಅವಳು ದೂರಲಿಲ್ಲ. ಇದ್ದದ್ದನ್ನು ಹೇಳಿದಳು. ಕುಡಿಯದ ಚಹಾವನ್ನು ತೊಟ್ಟಿಗೆ ಚೆಲ್ಲಿ, ಲೋಟ ತೊಳೆದು ಬೋರಲು ಹಾಕಿ ಹೊರಟಳು. ವಿಮಲಾ ಕಚೇರಿಯ ಬೀಗದ ಕೈಯನ್ನು ಮೇಜಿನ ಮೇಲೆಯೇ ಬಿಟ್ಟು ಅವಳ ಹಿಂದೆ ಬಂದು ಆಟೋ ಕೂಗಿದರು.

ಜರಗನಹಳ್ಳಿಯ ಆ ಓಣಿಯಲ್ಲಿ ಲಾರಿ ನಿಂತಿತ್ತು. ಕಾಲುವೆಗೆ ಅಡ್ಡಲಾಗಿ ಚಪ್ಪಡಿಗಳನ್ನು ಹಾಸಿಯಾಗಿತ್ತು. ಒಬ್ಬ ಮೇಸ್ತ್ರಿ ಮೇಲೆ ಸಿಮೆಂಟು ಬಳಿದು ಕರಣೆಯಿಂದ ನಯಮಾಡುತ್ತ ಬರುತ್ತಿದ್ದ. ಇನ್ನೊಬ್ಬ ಹಳೆಯದಾಗಿ ಕಾಣಲೆಂದೋ ಏನೋ, ಮುಗಿದ ಕಡೆಯೆಲ್ಲ ಮಣ್ಣು ಎರಚುತ್ತಿದ್ದ. ನಾಳೆ ಯಾರೇ ಬಂದು ನೋಡಿದರೂ ಸಚಿವರ ಮಾತು ನಿಜವಾಗಿರುತ್ತಿತ್ತು.

ಭೀಮಪ್ಪ ಬಿದ್ದ ಜಾಗ ಲಕ್ಕವ್ವನಿಗೆ ಗೊತ್ತಿತ್ತು. ಅವಳು ಚಪ್ಪಲಿಯನ್ನು ಅಂಚಿನಲ್ಲಿ ಬಿಟ್ಟು, ಸೀರೆಯನ್ನು ಸ್ವಲ್ಪ ಎತ್ತಿ ಹಿಡಿದು, ಆ ಚಪ್ಪಡಿಯ ನಡುವಿಗೆ ನಡೆದುಹೋಗಿ ನಿಂತಳು. ಹೆಜ್ಜೆಗಳು ಬೆರಳಿನ ಸಮೇತ ಅಚ್ಚಾಗಿ ಮೂಡಿದವು.

"ಅಕ್ಕಾ, ಇನ್ನೂ ಹಸಿ ಐತೆ," ಎಂದ ಮೇಸ್ತ್ರಿ.

"ಹೌದಲ್ಲ," ಎಂದಳು ಲಕ್ಕವ್ವ. "ಹಸೀನ ಐತಿ."

ಅವಳು ಈಚೆ ಬಂದಳು. ಹೆಜ್ಜೆಗಳನ್ನು ಅಳಿಸಲು ಮೇಸ್ತ್ರಿ ಕರಣೆ ಹಿಡಿದು ಬಾಗಿದಾಗ ವಿಮಲಾ ಬಂದು ಅಡ್ಡ ನಿಂತರು. ಅವನು ಸರಿಯಿರಿ ಆಂಟಿ ಎಂದ. ಅವರು ಸರಿಯಲಿಲ್ಲ. ಅವನು ಗೊಣಗಿಕೊಂಡು ಮುಂದಿನ ಚಪ್ಪಡಿಗೆ ಹೋದ.

ಬಿಸಿಲು ಚುರುಗುಟ್ಟುತ್ತಿತ್ತು. ಲಕ್ಕವ್ವ ಸೆರಗನ್ನು ತಲೆಗೆ ಹೊದ್ದು ಅಂಚಿನಲ್ಲಿ ಕೂತಳು. ವಿಮಲಾ ಅವಳ ಪಕ್ಕದಲ್ಲಿ ಕೂತರು. ಸಿಮೆಂಟು ಒಣಗಲಿ ಎಂದು ಇಬ್ಬರೂ ಕಾದರು.