ಕಾಡಪ್ಪನ ಕಾಲು

“ಕನ್ನಡಿ ಹೋತ್ರೀ ಅಕ್ಕಾರ!” ಎಂದು ಬಡಗಿ ಕಾಡಪ್ಪ ಕೂಗಿಕೊಂಡದ್ದು ಕನ್ನಡಿಗಾಗಿ, ತನ್ನ ತೊಡೆಯನ್ನು ಅವನಿನ್ನೂ ನೋಡಿಕೊಂಡಿರಲಿಲ್ಲ. ಆರ್.ಟಿ. ನಗರದ ಆ ಮನೆಯಲ್ಲಿ ಮರುದಿನ ಅನೀಸಾಳ ನಿಕಾಹ್. ಹೊಸ ಬೀರುವಿಗೆ ಕೂರಿಸಬೇಕಿದ್ದ ಆಳೆತ್ತರದ ಕನ್ನಡಿ ಕೈಜಾರಿ ಒಡೆದು, ಚೂರೊಂದು ಅವನ ಒಳತೊಡೆಯನ್ನು ಸೀಳಿತ್ತು.

ಎರಡೂ ಅಂಗೈಗೆ ಹಸಿ ಮೆಹಂದಿ ಹಚ್ಚಿಸಿಕೊಂಡು ಕೂತಿದ್ದ ಅನೀಸಾ ಓಡಿ ಬಂದಳು. ರಕ್ತ ಸೋರುತ್ತಿರಲಿಲ್ಲ, ಚಿಮ್ಮುತ್ತಿತ್ತು. ಹೆಬ್ಬಾಳದ ಆಸ್ಪತ್ರೆಯೊಂದರ ಎಮರ್ಜೆನ್ಸಿಯಲ್ಲಿ ನರ್ಸ್ ಆಗಿದ್ದವಳಿಗೆ ಅಷ್ಟು ಸಾಕಾಯಿತು. “ಬೇಟಿ, ಮೆಹಂದಿ!” ಎಂದು ತಾಯಿ ಸಬೀರಾ ಚೀರುವಷ್ಟರಲ್ಲಿ ಅವಳು ಮಂಡಿಯೂರಿ, ಟವೆಲನ್ನು ಗಾಯದೊಳಗೆ ತುರುಕಿ, ಮೈಭಾರವನ್ನೆಲ್ಲ ಬಿಟ್ಟು ಒತ್ತಿಯಾಗಿತ್ತು.

“ಏನೂ ಆಗಂಗಿಲ್ಲ ಬಿಡ್ರಿ, ಅರಿಶಿಣ ಹಚ್ಚಿದ್ರ ನಿಲ್ತೈತಿ,” ಎಂದ ಕಾಡಪ್ಪ. ಆದರೆ ಅವನ ಹಣೆಯ ಮೇಲೆ ತಣ್ಣನೆಯ ಬೆವರು. ತುಟಿ ಬಿಳಿಚಿ, ಕಣ್ಣು ತೇಲತೊಡಗಿದ್ದವು. ಟವೆಲೂ ತೊಯ್ದುಹೋಯಿತು.

“ಅಮ್ಮೀ, ನಿಮ್ಮ ದುಪಟ್ಟಾ ಕೊಡಿ. ಒಂದು ಸೌಟೂ ತನ್ನಿ, ಬೇಗ!”

ಗಾಯದಿಂದ ಮೇಲಕ್ಕೆ ತೊಡೆಗೆ ದುಪಟ್ಟಾ ಬಿಗಿದು, ಗಂಟಿನಲ್ಲಿ ಸೌಟು ಸಿಕ್ಕಿಸಿ ತಿರುವಿದಳು. ಕಾಡಪ್ಪ ಅರಚಿದ.

“ಕೂಗಿ ಅಣ್ಣಾ, ಎಷ್ಟ್ ಬೇಕಾದ್ರೂ ಕೂಗಿ. ನಿದ್ದೆ ಮಾತ್ರ ಮಾಡ್ಬೇಡಿ!” ರಕ್ತ ನಿಲ್ಲುವ ತನಕ ಅವಳು ತಿರುವುತ್ತಲೇ ಇದ್ದಳು.

ಸಬೀರಾ ಅವನಿಗೆ ಕಂಬಳಿ ಹೊದಿಸಿ, ಮಗಳ ಆಸ್ಪತ್ರೆಗೇ ಕರೆ ಮಾಡಿ ಫೋನನ್ನು ಅವಳ ಕಿವಿಗೆ ಹಿಡಿದರು. “ಡಾಕ್ಟ್ರೇ, ತೊಡೆಯ ದೊಡ್ಡ ರಕ್ತನಾಳ ಕಟ್ಟಾಗಿದೆ. ಮಣಿಕಟ್ಟಲ್ಲಿ ನಾಡಿನೇ ಸಿಕ್ತಿಲ್ಲ. ಈಗಷ್ಟೇ ಬಿಗಿದು ಕಟ್ಟಿದ್ದೀನಿ. ರಕ್ತ, ಸರ್ಜನ್ ಎರಡೂ ರೆಡಿ ಇರ್ಲಿ.”

“ನೀನು ರಜದಲ್ಲಿದ್ದೀಯಲ್ಲಮ್ಮಾ!” ಎಂದಿತು ಆ ಕಡೆಯ ದನಿ. ಮರುಕ್ಷಣವೇ, “ಕರ್ಕೊಂಡ್ ಬಾ, ಎಲ್ಲಾ ರೆಡಿ ಮಾಡ್ತೀವಿ,” ಎಂದಿತು.

ಆಂಬುಲೆನ್ಸಿನಲ್ಲಿ ಅವಳೂ ಹೋದಳು. ಸುದ್ದಿ ತಿಳಿದ ಮದುಮಗ ಮುಬಶ್ಶಿರ್ ಗೆಳೆಯರ ದಂಡು ಕಟ್ಟಿಕೊಂಡು ರಕ್ತ ಕೊಡಲು ಬಂದ. ಶಾಸ್ತ್ರ ಮುಗಿಯುವ ತನಕ ಹುಡುಗಿಯ ಮುಖ ನೋಡಬಾರದೆಂದು ಅವನ ಮನೆಯವರು ಕಟ್ಟಪ್ಪಣೆ ಮಾಡಿದ್ದರು. ಪರದೆಯ ಆಚೆಯಿಂದಲೇ ಕೇಳಿದ: “ಇಷ್ಟು ರಕ್ತ ಕೊಟ್ಟು ನಾಳೆ ನಾನು ತಲೆಸುತ್ತಿ ಬಿದ್ರೆ?”

“ಕಾಲು ಎತ್ತಿ ಹಿಡೀತೀನಿ ಬಿಡಿ, ರಕ್ತ ತಲೆಗೆ ಹರಿಯುತ್ತೆ,” ಎಂದಳು ಅನೀಸಾ. ವಾರ್ಡೆಲ್ಲ ನಕ್ಕಿತು.

ಸಂಜೆ ಸರ್ಜನ್ ಹೊರಬಂದು, ರಕ್ತನಾಳ ಹೊಲಿದದ್ದಾಯಿತು, ಜೀವವೂ ಉಳಿಯಿತು, ಕಾಲೂ ಉಳಿದೀತು ಎಂದರು. ನಾಗಸಂದ್ರದಿಂದ ಓಡಿ ಬಂದಿದ್ದ ಕಾಡಪ್ಪನ ಹೆಂಡತಿ ರತ್ನಕ್ಕ ಅನೀಸಾಳನ್ನು ತಬ್ಬಿಕೊಂಡು, ಅಳುವುದೋ ನಗುವುದೋ ತಿಳಿಯದೆ ಎರಡನ್ನೂ ಮಾಡಿದಳು.

ಎಚ್ಚರಾದ ಕಾಡಪ್ಪ, “ನಾಳಿ ಬಿರಿಯಾನಿ ನನಗೂ ಕಳಸ್ರಿ,” ಎಂದ.

ಅನೀಸಾ ಹೊದಿಕೆ ಸರಿಸಿ, ಗಾಯವಾದ ಕಾಲಿನ ಹೆಬ್ಬೆರಳ ಉಗುರನ್ನು ಒತ್ತಿದಳು. ಬಿಳಿಚಿತು. ಬಿಟ್ಟಳು. ಕೆಂಪು ಮೆಲ್ಲಗೆ ತಿರುಗಿ ಬಂತು. “ಕಾಲಿಗೆ ರಕ್ತ ಹರೀತಿದೆ,” ಎಂದಳು.

“ನಾನೂ ನೋಡ್ಲೇನ್ರಿ?” ಎನ್ನುತ್ತ ರತ್ನಕ್ಕ ಬಾಗಿ, ತಾನೂ ಒತ್ತಿ ಬಿಟ್ಟಳು. ಮತ್ತೊಮ್ಮೆ ಒತ್ತಿದಳು.