ಮುನ್ನೂರ ಹನ್ನೆರಡು ಗುಂಡಿ, ಮೂಲ ದೇಶ ಗೊತ್ತಿಲ್ಲ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡುವುದು? ಸುಂಕದ ಫಾರಮ್ಮಿಗೆ ಈ ಕಷ್ಟವಿಲ್ಲ. ಅದು ನಾಚಿಕೆ ಬಿಟ್ಟು ಕೇಳಿಬಿಡುತ್ತದೆ: ಕಳಿಸುವವರು ಯಾರು, ಪಡೆಯುವವರು ಯಾರು, ಒಳಗೇನಿದೆ, ಬೆಲೆ ಎಷ್ಟು. ಕಥೆಗಾರರಿಗೆ ಅಷ್ಟು ಧೈರ್ಯವಿದ್ದಿದ್ದರೆ ಎಷ್ಟೋ ಕಾದಂಬರಿಗಳು ಒಂದೇ ಪುಟದಲ್ಲಿ ಮುಗಿಯುತ್ತಿದ್ದವು.

ಮೊದಲ ಕರಡು ಹೀಗಿತ್ತು: 'ಕಡಲಾಚೆಯ ಗೋದಾಮಿನ ಮಂಕು ಬೆಳಕಿನಲ್ಲಿ ಒಂದು ಪುಟ್ಟ ಡಬ್ಬಿ ನಿಟ್ಟುಸಿರಿಟ್ಟಿತು.' (ಡಬ್ಬಿ ನಿಟ್ಟುಸಿರಿಡುವುದಿಲ್ಲ. ಹರಿದು ಹಾಕಿದೆ.)

ಎರಡನೆಯದು: 'ಅಂತಾರಾಷ್ಟ್ರೀಯ ಪಾರ್ಸೆಲ್ ರವಾನೆಯ ಪರಿಷ್ಕೃತ ನಿಯಮಾವಳಿಗಳ ಹಿನ್ನೆಲೆಯಲ್ಲಿ...' (ಬರೆಯುತ್ತ ನಾನೇ ಆಕಳಿಸಿದೆ.)

ಹಾಗಾಗಿ ಕೌಂಟರಿನಿಂದ ಶುರು ಮಾಡುತ್ತೇನೆ. ಮೊಣಕೈ ಊರಿ ಊರಿ ಬಣ್ಣ ಹೋದ ಹಲಗೆ, ದಾರ ಕಟ್ಟಿದ ಪೆನ್ನು, ಗಾಜಿನ ಹಿಂದೆ ಒಬ್ಬಳು.

೨

ಅವಳನ್ನು ಎಲ್ಲರೂ ಟೇಪಕ್ಕ ಅನ್ನುತ್ತಾರೆ. ಅಂಟುಟೇಪಿನ ಸುರುಳಿಯೊಂದು ಬಳೆಯ ಹಾಗೆ ಸದಾ ಅವಳ ಎಡಗೈಯಲ್ಲಿರುತ್ತದೆ. ವಿದೇಶಕ್ಕೆ ಹೋಗುವ ಪಾರ್ಸೆಲ್ಲುಗಳನ್ನು ಕಟ್ಟುವುದು, ಫಾರಮ್ ತುಂಬುವುದು ಅವಳ ಕೆಲಸ. ಹತ್ತೊಂಬತ್ತು ವರ್ಷದಿಂದ ಊರಿಗೆಲ್ಲ ಅಕ್ಕ. ತನ್ನ ಮನೆಯಲ್ಲಿ ಮಾತ್ರ ತಂಗಿ. ಈ ಕಥೆಯ ತೊಂದರೆಯೆಲ್ಲ ಇರುವುದು ಅಲ್ಲೇ.

ಫಾರಮ್ಮಿನ ಕೊನೆಯಲ್ಲಿ ಎರಡು ಚೌಕಗಳಿವೆ. ಪಾರ್ಸೆಲ್ ತಲುಪದಿದ್ದರೆ ಏನು ಮಾಡಬೇಕು? ಒಂದು: ಕಳಿಸಿದವರಿಗೆ ಹಿಂದಿರುಗಿಸಿ. ಎರಡು: ವಿಲೇವಾರಿ ಮಾಡಿ. ವಿಲೇವಾರಿ ಅಂದರೆ ಸುಡುವುದೋ, ಪುಡಿ ಮಾಡುವುದೋ. ಸರಕಾರಿ ಭಾಷೆಗೆ ಹೊಗೆ ವಾಸನೆ ಇರುವುದಿಲ್ಲ. ವಾಪಸ್ ತರಿಸುವ ಖರ್ಚು ಕಳಿಸುವ ಖರ್ಚಿಗಿಂತ ಹೆಚ್ಚು. ಆದ್ದರಿಂದ ಟೇಪಕ್ಕ ಗಿರಾಕಿಯನ್ನು ಕೇಳದೆಯೇ ಎರಡನೆಯದಕ್ಕೆ ಗುರುತು ಹಾಕಿಬಿಡುತ್ತಿದ್ದಳು. ಯಾರೂ ತಕರಾರು ಮಾಡಿರಲಿಲ್ಲ. ಎಲ್ಲರ ಪಾರ್ಸೆಲ್ಲುಗಳೂ ಹೆಚ್ಚುಕಮ್ಮಿ ತಲುಪುತ್ತಿದ್ದವು. ಅವಳ ಕಣ್ಣು ಫಾರಮ್ಮಿನ ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಕೈ ಮೂರನೆಯ ಸಾಲು ಮುಗಿಸಿರುತ್ತಿತ್ತು.

(ಈ ಚೌಕವನ್ನು ನೆನಪಿಟ್ಟುಕೊಳ್ಳಿ. ಜಾಣ ಲೇಖಕರು ಇಂಥದ್ದನ್ನು ಬಚ್ಚಿಡುತ್ತಾರೆ. ನನಗೆ ಬಚ್ಚಿಡುವ ಉತ್ಸಾಹವಿಲ್ಲ. ಈ ಕಥೆಯಲ್ಲಿ ಬಚ್ಚಿಟ್ಟು ಕೆಟ್ಟವರು ಈಗಾಗಲೇ ಇಬ್ಬರಿದ್ದಾರೆ.)

೩

ಟೇಪಕ್ಕನ ತಾಯಿ ಹಳೆ ಬಟ್ಟೆ ಸರಿಮಾಡಿಕೊಡುತ್ತಿದ್ದ ದರ್ಜಿ. ಅಂಗಿ ಹರಿದು ಒರೆಸುವ ಬಟ್ಟೆಯಾಗುವ ಮೊದಲು ಅದರ ಗುಂಡಿಗಳನ್ನು ಬ್ಲೇಡಿನಿಂದ ಬಿಡಿಸಿ ಒಂದು ಬಿಸ್ಕತ್ತಿನ ಡಬ್ಬಿಗೆ ಹಾಕುತ್ತಿದ್ದಳು. ನಲವತ್ತು ವರ್ಷದ ಗುಂಡಿಗಳು. ಅಕ್ಕ ತಂಗಿ ಇಬ್ಬರೂ ಅದರಲ್ಲೇ ಅಂಗಡಿ ಆಟ ಆಡಿದವರು. ಅಕ್ಕ ಯಾವಾಗಲೂ ಅಂಗಡಿಯವಳು, ತಂಗಿ ಯಾವಾಗಲೂ ಗಿರಾಕಿ.

(ಗುಂಡಿ, ಗುಂಡಿಗೆ ಎಂದು ಇಲ್ಲೊಂದು ಶ್ಲೇಷೆ ಹೊಡೆಯಲು ಬಾಯಿ ತುರಿಸುತ್ತಿದೆ. ಟೇಪಕ್ಕ ಗಾಜಿನ ಹಿಂದಿನಿಂದ ದುರುಗುಟ್ಟಿದಳು. ಕೈಬಿಟ್ಟೆ.)

ತಾಯಿ ತೀರಿಕೊಂಡಾಗ ಅಕ್ಕ ಕಡಲಾಚೆಯ ಊರೊಂದರಲ್ಲಿ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸದಲ್ಲಿದ್ದಳು. ರಜೆ ಸಿಕ್ಕಲು ನಾಲ್ಕು ದಿನ ಬೇಕು ಅಂದಳು. ತಂಗಿ, ಬರೋದೇ ಬೇಡ, ನಾವೇ ನೋಡ್ಕೋತೀವಿ ಅಂದಳು. ಬೇಡ ಅಂದರೂ ಬರುತ್ತಾಳೆ ಎಂದುಕೊಂಡಿದ್ದಳು. ಬೇಡ ಅಂದಳಲ್ಲ ಎಂದು ಅಕ್ಕ ಬರಲಿಲ್ಲ. ತಿಂಗಳಾದ ಮೇಲೆ ಒಂದೇ ಸಾಲಿನ ಮೆಸೇಜು ಬಂತು: 'ಅಮ್ಮನ ಗುಂಡಿ ಡಬ್ಬಿ ಕಳಿಸ್ತೀಯಾ?'

'ನೋಡೋಣ' ಎಂದು ಟೇಪಕ್ಕ ಬರೆದಳು.

ಆ ನೋಡೋಣ ಎರಡು ವರ್ಷ ಎಳೆಯಿತು. ದಿನಕ್ಕೆ ಅರವತ್ತು ಪಾರ್ಸೆಲ್ ಕಟ್ಟುವವಳಿಗೆ ಅರವತ್ತೊಂದನೆಯದು ಭಾರವೇನಲ್ಲ. ಆಗ ಸಣ್ಣಪುಟ್ಟ ಉಡುಗೊರೆಗೆ ಸುಂಕವೂ ಇರಲಿಲ್ಲ. 'ಉಡುಗೊರೆ' ಎಂದು ಒಂದು ಪದ ಬರೆದರೆ ಡಬ್ಬಿ ನೆಟ್ಟಗೆ ಅಕ್ಕನ ಬಾಗಿಲಿಗೆ. ಕೇಳಲಿ ಇನ್ನೊಂದು ಸಲ, ಅಂದುಕೊಂಡಳು ಟೇಪಕ್ಕ. ಅಕ್ಕ ಇನ್ನೊಂದು ಸಲ ಕೇಳುವ ಪೈಕಿ ಅಲ್ಲ.

೪

ಆಮೇಲೆ ನಿಯಮ ಬದಲಾಯಿತು. ಒಂದು ಬೆಳಿಗ್ಗೆ ಗಾಜಿಗೆ ಹೊಸ ಹಾಳೆ ಅಂಟಿತು. ಇನ್ನು ಮುಂದೆ ಉಡುಗೊರೆಗೂ ಸುಂಕ. ಪ್ರತಿಯೊಂದು ವಸ್ತುವಿಗೂ ಹೆಸರು, ಎಣಿಕೆ, ಯಾತರಿಂದ ಮಾಡಿದ್ದು, ಮೂಲ ದೇಶ, ಬೆಲೆ. 'ಮನೆ ಸಾಮಾನು' ಎಂದು ಬರೆದರೆ ನಡೆಯದು. ಬೆಲೆ ಸೊನ್ನೆ ಎಂದರೆ ಕೌಂಟರಿನ ಕಂಪ್ಯೂಟರ್ ಮಿಷನ್ನು ಒಪ್ಪದು. ಕಾಗದಪತ್ರಗಳಿಗೆ ಮಾತ್ರ ಎಂದಿನಂತೆ ಸುಂಕವಿಲ್ಲ.

ಹಾಳೆ ಓದಿ ಟೇಪಕ್ಕನಿಗೆ ದಿಗಿಲಾಯಿತು. ಇವತ್ತು ಇಷ್ಟು, ನಾಳೆ ಬಾಗಿಲೇ ಹಾಕಿದರೆ? ಮರುದಿನ ಡಬ್ಬಿಯನ್ನು ಕೌಂಟರಿಗೆ ತಂದಳು. ಊಟದ ಬಿಡುವಿನಲ್ಲಿ ಗುಂಡಿಗಳನ್ನು ಹಲಗೆಯ ಮೇಲೆ ಸುರಿದು ಹತ್ತತ್ತರ ಗುಡ್ಡೆ ಮಾಡಿದಳು. ಪಕ್ಕದಲ್ಲಿ ಪಾರ್ಸೆಲ್ ತೂಗುವ ತೂಕದವನು ಚಿಪ್ಪಿನದು, ಮರದ್ದು, ಹಿತ್ತಾಳೆಯದು ಎಂದು ಬೇರೆ ಮಾಡಿಕೊಟ್ಟ. ಮೂಲ ದೇಶ ಯಾವುದು ಎಂದು ಅವನು ಕೇಳಿದಾಗ ಅವಳು 'ಗೊತ್ತಿಲ್ಲ' ಎಂದೇ ಟೈಪು ಮಾಡಿದಳು. ಮಿಷನ್ನು ಕೆಂಪಗಾಯಿತು. ಅಪ್ಪನ ಕೋಟು, ಪಕ್ಕದ ಮನೆಯ ನರ್ಸಿನ ಅಂಗಿ, ಯಾರೋ ಮರೆತುಹೋದ ಮಳೆಯಂಗಿ: ಇವುಗಳದ್ದು ಯಾವ ದೇಶ? ಕೊನೆಗೆ ತನ್ನ ದೇಶದ ಹೆಸರನ್ನೇ ಎಲ್ಲದಕ್ಕೂ ಹಾಕಿದಳು. ಬೆಲೆಯ ಜಾಗದಲ್ಲಿ ಮಿಷನ್ನು ಒಪ್ಪುವ ಅತಿ ಸಣ್ಣ ಅಂಕಿ: ಒಂದು.

ಎಣಿಕೆ: ಮುನ್ನೂರ ಹನ್ನೆರಡು. ಫಾರಮ್ಮಿಗೆ ಮುದ್ರೆ ಬಿದ್ದ ಮೇಲೆ ನೋಡಿದರೆ ಪೆನ್ನಿನ ದಾರದ ಕೆಳಗೆ ಇನ್ನೊಂದು ಗುಂಡಿ.

"ಒಂದು ಹೆಚ್ಚಿದ್ರೂ ಅಲ್ಲಿ ತಡೀತಾರೆ ಟೇಪಕ್ಕ. ಜೇಬಿಗೆ ಹಾಕ್ಕೊಳ್ಳಿ" ಅಂದ ತೂಕದವನು.

ಹಾಕಿಕೊಂಡಳು. ಡಬ್ಬಿಗೆ ಟೇಪು ಸುತ್ತಿದಳು. ಅಕ್ಕನಿಗೆ ಹೇಳಲಿಲ್ಲ. ಬಾಗಿಲು ತೆಗೆದಾಗ ಡಬ್ಬಿ ನೋಡಿ ಅವಳೇ ಫೋನ್ ಮಾಡಲಿ; ತಾನು ಮೊದಲು ಸೋತಹಾಗೂ ಆಗಬಾರದು, ಕೊಡದೆ ಇದ್ದಹಾಗೂ ಆಗಬಾರದು.

೫

ಎಲ್ಲರ ಪಾರ್ಸೆಲ್ಲು ಎಲ್ಲಿದೆ ಎಂದು ಹೇಳುವವಳು ತನ್ನದನ್ನು ಮಾತ್ರ ನೋಡಲಿಲ್ಲ. ನೋಡಿದರೆ ಕಾಯುತ್ತಿದ್ದೇನೆ ಎಂದು ತನಗೇ ಗೊತ್ತಾಗಿಬಿಡುತ್ತಿತ್ತು. ಕೊನೆಗೆ ತಡೆಯಲಾರದೆ ಪಾರ್ಸೆಲ್ಲಿನ ಸಂಖ್ಯೆ ಒತ್ತಿದಳು. ಪರದೆಯ ಮೇಲೆ ಬಂತು: 'ಸ್ವೀಕರಿಸುವವರು ಸುಂಕ ಪಾವತಿಸಿಲ್ಲ. ಗಡುವು ಮುಗಿದಿದೆ.' ಸುಂಕ ಅಷ್ಟಿಷ್ಟೇ, ಅದನ್ನು ವಸೂಲಿ ಮಾಡುವ ಚಾರ್ಜು ಅದರ ಹತ್ತು ಪಟ್ಟು. ಮೂಗಿಗಿಂತ ಮೂಗುತಿ ಭಾರ.

ಆಚೆ ದೇಶದ ಗೋದಾಮಿನ ಸಹಾಯವಾಣಿಗೆ ಫೋನ್ ಮಾಡಿದಳು. (ಆ ದನಿಯನ್ನು ನಾನು ಚೆನ್ನಾಗಿ ಅಣಕಿಸಬಲ್ಲೆ: ಬೆಣ್ಣೆ ಸವರಿದ ಗೋಡೆ.) ಗಡುವು ಹದಿನೈದು ದಿನ ಮೇಡಂ, ನಿನ್ನೆಗೆ ಮುಗಿದಿದೆ ಮೇಡಂ. ಅದು ಅಮ್ಮನ ಡಬ್ಬಿ ಎಂದು ಟೇಪಕ್ಕ ಹೇಳಿದಳು. ನಲವತ್ತು ವರ್ಷ ಕೂಡಿಟ್ಟದ್ದು ಎಂದಳು. ಹೇಳುತ್ತ ಹೇಳುತ್ತಲೇ, ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳುವುದು ಅಂದರೆ ಇದೇ ಅಲ್ಲವೇ ಎಂದು ಅವಳಿಗೇ ಅನ್ನಿಸಿತು.

"ಘೋಷಿತ ಬೆಲೆ ಒಂದು ಅಂತಿದೆ ಮೇಡಂ. ತಲುಪದಿದ್ದರೆ ವಿಲೇವಾರಿ ಅಂತ ತಾವೇ ಗುರುತು ಹಾಕಿದ್ದೀರಿ."

ನಾನು ಹಾಕಿಲ್ಲ, ಅಂದಳು. ಡ್ರಾಯರಿನಿಂದ ನಕಲು ಹಾಳೆ ತೆಗೆದಳು. ಎರಡನೆಯ ಚೌಕದಲ್ಲಿ ಅಚ್ಚುಕಟ್ಟಾದ, ಹತ್ತೊಂಬತ್ತು ವರ್ಷ ಪಳಗಿದ ಗುರುತು ಇತ್ತು.

ವಿಲೇವಾರಿ ಆಗಿಹೋಯಿತೇ ಎಂದು ಕೇಳಿದಳು. ಆಗಿರಬಹುದು, ಆಗದೆಯೂ ಇರಬಹುದು, ಮಾಹಿತಿ ಬರಲು ಒಂದು ವಾರ ಬೇಕು, ಎಂದಿತು ದನಿ. ತಡೆಹಿಡಿಯಲು ಅರ್ಜಿ ಹಾಕಬಹುದಂತೆ. ಹಾಕಿದಳು.

೬

ಇಲ್ಲಿ ನನ್ನ ಬಳಿ ಮೂರು ಅಂತ್ಯಗಳಿದ್ದವು.

ಮೊದಲನೆಯದರಲ್ಲಿ ಗೋದಾಮಿನ ಕೆಲಸಗಾರ್ತಿಯೊಬ್ಬಳು ಡಬ್ಬಿ ತೆರೆದು, ತನ್ನ ತಾಯಿಯನ್ನು ನೆನೆದು, ಅದನ್ನು ಬದಿಗಿಡುತ್ತಾಳೆ.

"ಬರೆಯೋರೇ, ದಿನಕ್ಕೆ ಎಷ್ಟು ಪಾರ್ಸೆಲ್ ಬರ್ತಾವೆ ಗೊತ್ತಾ ನಿಮಗೆ? ಅಲ್ಲಿರೋಳೂ ನನ್ನ ಥರದವಳೇ. ಅವಳ ಕೈಯೂ ಅವಳಿಗಿಂತ ಮುಂದೆ ಓಡ್ತಿರುತ್ತೆ" ಅಂದಳು ಟೇಪಕ್ಕ.

ಹೊಡೆದು ಹಾಕಿದೆ. ಎರಡನೆಯದರಲ್ಲಿ ಡಬ್ಬಿ ಸುಟ್ಟು, ಹಿತ್ತಾಳೆ ಗುಂಡಿಗಳು ಮಾತ್ರ ಬೂದಿಯಲ್ಲಿ ಹೊಳೆಯುತ್ತವೆ. ಅದನ್ನು ಅವಳು ಪೂರ್ತಿ ಕೇಳಲೂ ಇಲ್ಲ. ಮೂರನೆಯದರಲ್ಲಿ ಅಕ್ಕ ಕೊನೆಯ ಗಳಿಗೆಯಲ್ಲಿ ಹಣ ಕಟ್ಟುತ್ತಾಳೆ.

"ಅಕ್ಕ ಯಾಕೆ ಕಟ್ಟಲಿಲ್ಲ? ಅದನ್ನ ಬರೀರಿ ಮೊದಲು" ಅಂದಳು.

ನನಗೆ ಗೊತ್ತಿಲ್ಲ, ನೀನೇ ಕೇಳು ಅಂದೆ. (ಪಾತ್ರದ ಮೇಲೆ ಭಾರ ಹಾಕಿ ನುಣುಚಿಕೊಳ್ಳುವುದರಲ್ಲಿ ನಾನೂ ಒಬ್ಬ ಸಹಾಯವಾಣಿ.)

೭

ಎರಡು ವರ್ಷದಲ್ಲಿ ಮೊದಲ ಸಲ ಟೇಪಕ್ಕ ಅಕ್ಕನಿಗೆ ಫೋನ್ ಮಾಡಿದಳು. ಅಕ್ಕನ ಹಿಂದೆ ಬಟ್ಟೆ ಒಗೆಯುವ ಯಂತ್ರಗಳ ಗುಡುಗು ಕೇಳುತ್ತಿತ್ತು. ಇಬ್ಬರೂ ಮೊದಲು ಆರೋಗ್ಯ ವಿಚಾರಿಸಿಕೊಂಡರು, ಪರಿಚಯದವರ ಹಾಗೆ. ಆಮೇಲೆ ಟೇಪಕ್ಕ ಡಬ್ಬಿಯ ವಿಷಯ ಹೇಳಿದಳು.

"ಮೆಸೇಜು ಬಂದಿತ್ತು ಕಣೇ" ಅಂದಳು ಅಕ್ಕ. "ನಿಮಗೊಂದು ಪಾರ್ಸೆಲ್ ಬಂದಿದೆ, ಹಣ ಕಟ್ಟಿ ಅಂತ. ಅಂಥವು ದಿನಾ ಬರ್ತಾವೆ, ಮೋಸದವರದ್ದು. ಅಳಿಸಿಬಿಟ್ಟೆ."

"ನನ್ನ ಹೆಸರು ಇತ್ತಲ್ಲ."

"ಇತ್ತೇನೋ. ನೀನು ಕಳಿಸಿರ್ತೀಯ ಅಂತ ನನಗೆ ಹೊಳೀಲೇ ಇಲ್ಲ."

ಯಂತ್ರವೊಂದು ನಿಂತಿತು. ಟೇಪಕ್ಕ ಹಲಗೆಯ ಅಂಚಿನ ಹಳೆ ಟೇಪನ್ನು ಉಗುರಿನಿಂದ ಕೀಳುತ್ತಿದ್ದಳು. ಚೌಕದ ವಿಷಯ ಹೇಳಬೇಕೋ ಬೇಡವೋ. ಹೇಳಿದಳು. ಅಕ್ಕ ಕೇಳಿದ್ದು ಒಂದೇ:

"ಒಂದಾದರೂ ಉಳಿದಿದೆಯಾ?"

ಜೇಬಿನಲ್ಲಿದ್ದುದನ್ನು ತೆಗೆದು ಬೆಳಕಿಗೆ ಹಿಡಿದಳು. ನೀಲಿ, ನಾಲ್ಕು ತೂತಿನದು, ಅಂಚು ಕಚ್ಚಿದ್ದು. ಅಕ್ಕನ ಶಾಲೆಯ ಕೋಟಿನದು. ಮೇಷ್ಟ್ರು ಲೆಕ್ಕ ಕೇಳಿದರೆ ಅಕ್ಕ ಕೋಟಿನ ಗುಂಡಿ ಕಚ್ಚುತ್ತಿದ್ದಳು.

"ನಿಂದೇ ಇದೆ. ಹಲ್ಲಿನ ಗುರುತು ಇದೆ."

"ಈಗ ಕಳಿಸಬೇಡ" ಅಂದಳು ಅಕ್ಕ. ಬಿಡುವು ಮುಗೀತು ಎಂದು ಫೋನಿಟ್ಟಳು.

ಈಗ ಕಳಿಸಬೇಡ. ಅದು ಕೋಪವೋ, ಸುಂಕದ ಭಯವೋ, ತಾನೇ ಬರುವ ಮಾತೋ? ಓದುಗರೇ, ನನ್ನನ್ನು ಕೇಳಬೇಡಿ. ಟೇಪಕ್ಕನೂ ಕೇಳಲಿಲ್ಲ, ಅದೇ ಅವಳ ಹಳೇ ರೋಗ. ಆದರೆ ಮರುದಿನ ಅವಳೇ ಫೋನ್ ಮಾಡಿದಳು. ರಿಂಗಾಯಿತು. ಅಕ್ಕ ಎತ್ತಲಿಲ್ಲ. ಅದರ ಮರುದಿನವೂ ಮಾಡಿದಳು.

೮

ಸಹಾಯವಾಣಿ ಹೇಳಿದ ಒಂದು ವಾರ ಇನ್ನೂ ಆಗಿಲ್ಲ. ಆದದ್ದು ಇಷ್ಟು: ಟೇಪಕ್ಕನ ಕೌಂಟರಿನ ಮುಂದೆ ಸಾಲು ಉದ್ದವಾಗಿದೆ. ಈಗ ಅವಳು ಪ್ರತಿಯೊಬ್ಬರನ್ನೂ ಯಾವ ಚೌಕ ಎಂದು ಕೇಳುತ್ತಾಳೆ, ಉತ್ತರ ಬರುವವರೆಗೂ ಪೆನ್ನು ಎತ್ತಿ ಹಿಡಿದಿರುತ್ತಾಳೆ. ಜನ ಗೊಣಗುತ್ತಾರೆ. ತೂಕದವನೂ ಗೊಣಗುತ್ತಾನೆ.

ನಾನೂ ಇವತ್ತು ಆ ಸಾಲಿನಲ್ಲಿ ನಿಂತೆ. ಈ ಕಥೆಯನ್ನು ಲಕೋಟೆಯಲ್ಲಿಟ್ಟು ದೂರದ ಸಂಪಾದಕರೊಬ್ಬರಿಗೆ ಕಳಿಸಬೇಕಿತ್ತು. ಒಳಗೇನು ಎಂದಳು. ಬರೀ ಕಾಗದ ಎಂದೆ.

"ಕಾಗದಕ್ಕೆ ಸುಂಕ ಇಲ್ಲ" ಅಂದಳು. ಗಾಜಿನ ಮೇಲಿನ ಹಾಳೆಯ ಆ ಸಾಲನ್ನು ಒಮ್ಮೆ ನೋಡಿದಳು. "ಎರಡು ವರ್ಷದಲ್ಲಿ ಯಾವತ್ತೂ ಇರಲಿಲ್ಲ, ಒಂದು ಪತ್ರಕ್ಕೂ."

ಆಮೇಲೆ ಫಾರಮ್ಮನ್ನು ತನ್ನ ಕಡೆ ತಿರುಗಿಸಿಕೊಂಡು ಕೇಳಿದಳು.

"ತಲುಪದಿದ್ದರೆ ಏನು ಮಾಡೋಣ?"

ನಾನು ಯೋಚಿಸುತ್ತಿದ್ದೇನೆ. ಹಿಂದಿನಿಂದ ಯಾರೋ ಕೆಮ್ಮುತ್ತಿದ್ದಾರೆ. ಟೇಪಕ್ಕನ ಪೆನ್ನು ಎರಡು ಚೌಕಗಳ ಮೇಲೆ, ಯಾವುದನ್ನೂ ಮುಟ್ಟದೆ ನಿಂತಿದೆ. ಅವಳ ಫೋನು ಹಲಗೆಯ ಮೇಲಿದೆ, ಪರದೆ ಮೇಲಾಗಿ. ಅವಳಿಗೆ ಅವಸರವಿಲ್ಲ.